ನನ್ನ ಕೋರೆಹಲ್ಲು

ಮಕ್ಕಳೇ, ನಿಮ್ಮ ಹಾಲುಹಲ್ಲು ಬಿದ್ದಾಗ ಅದನ್ನು ಏನು ಮಾಡಿದಿರಿ? ನಮ್ಮ ಅಜ್ಜಿ ಅದನ್ನು ಸಗಣಿಯ ಉಂಡೆಯೊಳಗೆ ಇಟ್ಟು ನನ್ನ ಕೈಗೆ ಕೊಡುತ್ತಿದ್ದಳು. ನಾನು ಅದನ್ನು ಮಾಳಿಗೆಯ ಮೇಲೆ ಎಸೆಯುತ್ತಿದ್ದೆ. ಹಾಗೆ ಎಸೆದರೆ ಹೊಸ ಹಲ್ಲು ಚೆನ್ನಾಗಿ ಹುಟ್ಟುತ್ತದೆ ಎಂದು ಅಜ್ಜಿಯ ನಂಬಿಕೆ. ಆದರೆ ನನ್ನ ಒಂದು ಹಲ್ಲು ಅಜ್ಜಿಯ ಮಾತು ಕೇಳಲಿಲ್ಲ.

ನಮ್ಮ ಊರು ಕಂಬದೂರು. ಅದು ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯಲ್ಲಿದೆ. ನಮ್ಮದು ಕಡಲೆಕಾಯಿ ಬೆಳೆಯುವ ಸೀಮೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು. ನಾನು ಆರನೆಯ ತರಗತಿಯಲ್ಲಿದ್ದಾಗ ಮೇಲಿನ ಸಾಲಿನಲ್ಲಿ ಒಂದು ಕೋರೆಹಲ್ಲು ಹುಟ್ಟಿತು. ಅದಕ್ಕೆ ಸಾಲಿನಲ್ಲಿ ಜಾಗವಿರಲಿಲ್ಲ. ಆದ್ದರಿಂದ ಉಳಿದ ಹಲ್ಲುಗಳ ಮುಂದೆ, ವಸಡಿನ ಮೇಲ್ಭಾಗದಲ್ಲಿ ಚಾಚಿಕೊಂಡು ನಿಂತಿತು.

ಜೊತೆಯ ಹುಡುಗರು ನನ್ನನ್ನು "ರಾಕ್ಷಸ" ಎಂದು ಕರೆಯತೊಡಗಿದರು. ಬಯಲಾಟದ ರಾಕ್ಷಸನಿಗೆ ಕೋರೆಹಲ್ಲು ಇರುತ್ತದಲ್ಲವೇ? ಅಂದಿನಿಂದ ನಾನು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದನ್ನು ಕಲಿತೆ. ಆ ವರ್ಷ ಶಾಲೆಯಲ್ಲಿ ತರಗತಿಯ ಫೋಟೋ ತೆಗೆದರು. ಎಲ್ಲರೂ ನಕ್ಕರು. ನಾನು ಮಾತ್ರ ಬಾಯಿ ಮುಚ್ಚಿಕೊಂಡು ನಿಂತೆ. ವಾರ್ಷಿಕೋತ್ಸವದಲ್ಲಿ ಪದ್ಯ ಹೇಳಲು ಮೇಷ್ಟ್ರು ನನ್ನ ಹೆಸರು ಬರೆದುಕೊಂಡಿದ್ದರು. ಹೊಟ್ಟೆನೋವೆಂದು ಸುಳ್ಳು ಹೇಳಿ ಮನೆಯಲ್ಲಿ ಮಲಗಿದೆ.

ಅಪ್ಪ ನನ್ನನ್ನು ಅನಂತಪುರದ ಹಲ್ಲಿನ ಡಾಕ್ಟರ ಬಳಿಗೆ ಕರೆದುಕೊಂಡು ಹೋದರು. ಡಾಕ್ಟರು ಬಾಯಿ ನೋಡಿ, "ಚಿಕ್ಕಂದಿನಲ್ಲಿ ಇದರ ಹಿಂದಿನ ಹಾಲುಹಲ್ಲು ಹುಳುಕಾಗಿತ್ತೇ?" ಎಂದು ಕೇಳಿದರು. ಹೌದು, ಮಿಠಾಯಿ ತಿಂದು ತಿಂದು ಅದು ಹುಳುಕಾಗಿತ್ತು. ನೋವು ತಾಳದೆ ಬೇಗನೆ ಕೀಳಿಸಿದ್ದೆವು. "ಹಾಲುಹಲ್ಲು ಹೇಗೂ ಬೀಳುವಂಥದ್ದು ಎಂದು ಜನ ಉದಾಸೀನ ಮಾಡುತ್ತಾರೆ. ಆದರೆ ಅದು ಹೊಸ ಹಲ್ಲಿಗೆ ಜಾಗ ಕಾಯುವ ಕಾವಲುಗಾರ. ಕಾವಲುಗಾರ ಬೇಗ ಹೋದರೆ ಪಕ್ಕದ ದವಡೆಹಲ್ಲು ಮುಂದಕ್ಕೆ ಸರಿದು ಆ ಜಾಗವನ್ನು ಹಿಡಿದುಕೊಳ್ಳುತ್ತದೆ" ಎಂದು ಡಾಕ್ಟರು ವಿವರಿಸಿದರು. ತಂತಿ ಕಟ್ಟಿದರೆ ಹಲ್ಲು ಸಾಲಿಗೆ ಬರುತ್ತದೆ ಎಂದರು. ಖರ್ಚನ್ನೂ ಹೇಳಿದರು.

ಅಪ್ಪ ಮಾತಾಡಲಿಲ್ಲ. ಆ ವರ್ಷ ಮಳೆ ಕೈಕೊಟ್ಟಿತ್ತು. ಕಡಲೆಕಾಯಿಗೆ ಹಾಕಿದ ಬೀಜದ ದುಡ್ಡೂ ಹುಟ್ಟಿರಲಿಲ್ಲ. ಬಸ್ಸಿನಲ್ಲಿ ಕಲ್ಯಾಣದುರ್ಗ ದಾಟಿದ ಮೇಲೆ, "ಮುಂದಿನ ಬೆಳೆ ಬರಲಿ, ಮಗಾ" ಎಂದರು. ನಾನು ಕಿಟಕಿಯ ಕಡೆ ತಿರುಗಿ ಅತ್ತೆ.

ಮನೆಗೆ ಬಂದಾಗ ಅಜ್ಜಿ ಎಲ್ಲವನ್ನೂ ಕೇಳಿದಳು. ಆಮೇಲೆ ಬಾಯಿ ತೆರೆದು ತೋರಿಸಿದಳು. "ನೋಡು, ನನಗೆ ಒಂದು ಹಲ್ಲೂ ಇಲ್ಲ. ನಾನು ನಗುವುದಿಲ್ಲವೇನೋ? ನಿನಗೆ ಒಂದು ಹೆಚ್ಚಾಗಿ ಕಾಣುತ್ತದೆ ಎಂದು ಅಳುತ್ತೀಯಲ್ಲ!" ಎಂದು ನಕ್ಕಳು. ನನಗೂ ನಗು ಬಂತು. ಕೈ ಅಡ್ಡ ಹಿಡಿಯುವುದು ಮರೆತೇಹೋಯಿತು.

ಮರುವರ್ಷ ನಾನೇ ಹೋಗಿ ಮೇಷ್ಟ್ರಿಗೆ ಹೆಸರು ಕೊಟ್ಟೆ. ವೇದಿಕೆಯ ಮೇಲೆ ಮೊದಲು ಕಾಲು ನಡುಗಿತು. ಹಿಂದಿನ ಸಾಲಿನಿಂದ ಯಾರೋ "ರಾಕ್ಷಸ" ಎಂದರು. ಮುಂದಿನ ಸಾಲಿನಲ್ಲಿ ಅಜ್ಜಿ ಬೊಚ್ಚುಬಾಯಿ ತೆರೆದು ನಗುತ್ತಿದ್ದಳು. ನಾನು ಅವಳನ್ನೇ ನೋಡುತ್ತಾ ಪದ್ಯವನ್ನು ಪೂರ್ತಿ ಹೇಳಿದೆ. ಜನ ಚಪ್ಪಾಳೆ ತಟ್ಟಿದರು.

ಬೆಳೆ ಕೈಗೆ ಬರಲು ಎರಡು ವರ್ಷ ಬೇಕಾಯಿತು. ಆಗ ಡಾಕ್ಟರು ಜಾಗ ಮಾಡಲು ಒಂದು ಹಲ್ಲು ಕಿತ್ತು, ಉಳಿದ ಹಲ್ಲುಗಳಿಗೆ ಚಿಕ್ಕ ಚಿಕ್ಕ ಬಿಲ್ಲೆ ಅಂಟಿಸಿ ತಂತಿ ಹಾಯಿಸಿದರು. ತಂತಿ ಹಲ್ಲನ್ನು ಮೆಲ್ಲಗೆ ತಳ್ಳುತ್ತದೆ. ಒತ್ತಡ ಬಿದ್ದ ಕಡೆ ದವಡೆಯ ಎಲುಬು ಸವೆಯುತ್ತದೆ, ಹಿಂದುಗಡೆ ಹೊಸ ಎಲುಬು ಬೆಳೆಯುತ್ತದೆ. ಹೀಗೆ ಹಲ್ಲು ತಿಂಗಳಿಗೆ ಸುಮಾರು 1 ಮಿಲಿಮೀಟರ್ ಸರಿಯುತ್ತದೆ. ಪ್ರತಿ ತಿಂಗಳೂ ಅನಂತಪುರಕ್ಕೆ ಹೋಗಿ ತಂತಿ ಸರಿಮಾಡಿಸಿಕೊಳ್ಳಬೇಕಿತ್ತು. ಮೊದಲ ದಿನಗಳಲ್ಲಿ ಮುದ್ದೆಯನ್ನು ನುಂಗುವುದೊಂದೇ ಸುಖ. ಗಟ್ಟಿ ಪದಾರ್ಥ ಕಡಿದರೆ ಬಿಲ್ಲೆ ಕಿತ್ತುಬರುತ್ತದೆ. ಕಡಲೆಕಾಯಿಯ ಸೀಮೆಯಲ್ಲಿ ಹುಟ್ಟಿ, ಒಂದೂವರೆ ವರ್ಷ ಹುರಿದ ಕಡಲೆಕಾಯಿ, ಬೆಲ್ಲದ ಚಿಕ್ಕಿ ಮುಟ್ಟದೆ ಇದ್ದವನು ನಾನೊಬ್ಬನೇ ಇರಬೇಕು! ತಂತಿ ತೆಗೆದ ಮೇಲೂ ಹಲ್ಲು ಹಳೆಯ ಜಾಗಕ್ಕೆ ಮರಳದಂತೆ ರಾತ್ರಿಹೊತ್ತು ಒಂದು ತಟ್ಟೆ ಹಾಕಿಕೊಳ್ಳುತ್ತಿದ್ದೆ.

ಸೊಟ್ಟ ಹಲ್ಲು ಬಹಳ ಜನರಿಗೆ ಇರುತ್ತದೆ. ಎಡ್ವರ್ಡ್ ಆಂಗಲ್ ಎಂಬ ಅಮೆರಿಕದ ದಂತವೈದ್ಯರು 1899ರಲ್ಲೇ ಅದನ್ನು ಮೂರು ಬಗೆಗಳಾಗಿ ವಿಂಗಡಿಸಿದ್ದರು. ಎಲ್ಲ ಸೊಟ್ಟ ಹಲ್ಲಿಗೂ ತಂತಿ ಬೇಕಿಲ್ಲ. ಅಗಿಯಲು, ಉಜ್ಜಲು ತೊಡಕಾದರೆ ಡಾಕ್ಟರಿಗೆ ತೋರಿಸಬೇಕು. ಹಾಲುಹಲ್ಲನ್ನೂ ದಿನಕ್ಕೆ ಎರಡು ಸಲ ಉಜ್ಜಿ ಕಾಪಾಡಬೇಕು.

ನನ್ನ ಬಳಿ ಈಗಲೂ ಎರಡು ಫೋಟೋಗಳಿವೆ. ಒಂದರಲ್ಲಿ ಬಾಯಿಗೆ ಕೈ ಅಡ್ಡ ಹಿಡಿದಿದ್ದೇನೆ. ಇನ್ನೊಂದರಲ್ಲಿ ಪದ್ಯ ಹೇಳುತ್ತಿದ್ದೇನೆ, ಕೋರೆಹಲ್ಲು ಎದ್ದು ಕಾಣುತ್ತಿದೆ. ಮನೆಗೆ ಯಾರಾದರೂ ಬಂದರೆ ನಾನು ತೋರಿಸುವುದು ಎರಡನೆಯದನ್ನೇ.