ಪಡ್ಡಿನ ಕಾವಲಿಯ ಡೇನಿಷ್ ನೆಂಟ

ಡೆನ್ಮಾರ್ಕ್ ಎಂದೊಡನೆ ಮಕ್ಕಳಿಗೆ ನೆನಪಾಗುವುದು ಕುರೂಪಿ ಬಾತುಕೋಳಿ ಮರಿ ಮತ್ತು ಪುಟ್ಟ ಮತ್ಸ್ಯಕನ್ಯೆ. ಆ ಕಥೆಗಳನ್ನು ಬರೆದ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ 1805ರಲ್ಲಿ ಹುಟ್ಟಿದ್ದು ಓಡೆನ್ಸೆ ಎಂಬ ಊರಿನಲ್ಲಿ. ನನ್ನ ಮಗಳು, ಅಳಿಯ ಕೆಲಸದ ನಿಮಿತ್ತ ಅದೇ ಊರಿನಲ್ಲಿದ್ದಾರೆ. ಕಳೆದ ಚಳಿಗಾಲ ನಾನು ಅವರ ಜೊತೆಗಿದ್ದೆ. ಊರು ನೋಡಲು ಹೋದವಳು ಹೆಚ್ಚಾಗಿ ನೋಡಿದ್ದು ಅಡುಗೆಮನೆಯನ್ನೇ. ಡಿಸೆಂಬರಿನಲ್ಲಿ ಅಲ್ಲಿ ಬೆಳಗ್ಗೆ ಎಂಟೂವರೆ ದಾಟಿದ ಮೇಲೆ ಸೂರ್ಯ ಮುಖ ತೋರಿಸುತ್ತಾನೆ, ಮಧ್ಯಾಹ್ನ ಮೂರೂವರೆಗೆಲ್ಲ ಮುಳುಗಿಬಿಡುತ್ತಾನೆ. ಮೊಮ್ಮಗಳು ಶಾಲೆಯಿಂದ ಬಂದು ಬ್ಯಾಗು ಇಳಿಸುವ ಹೊತ್ತಿಗೆ ದೀಪ ಹಚ್ಚುವ ಸಮಯ.

ಅವಳಿಗೆ ಎಂಟು ವರ್ಷ. ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ಡೇನಿಷ್. "ಇವತ್ತು ಶಾಲೇಲಿ ಏನಾಯ್ತು ಪುಟ್ಟಿ?" ಎಂದು ನಾನು ಕೇಳಿದರೆ ಅಮ್ಮನ ಕಡೆ ತಿರುಗಿ ಡೇನಿಷ್‌ನಲ್ಲಿ ಉತ್ತರ ಹೇಳುತ್ತಿದ್ದಳು. ಮಗಳು ಅದನ್ನು ನನಗೆ ಕನ್ನಡದಲ್ಲಿ ದಾಟಿಸುತ್ತಿದ್ದಳು. ಫೋನಿನಲ್ಲಿ ಮುಖ ನೋಡುತ್ತಿದ್ದಾಗ ಇಷ್ಟು ದೂರ ಅನಿಸಿರಲಿಲ್ಲ. ಒಂದೇ ಸೋಫಾದ ಮೇಲೆ ಕೂತು, ಮೊಮ್ಮಗಳ ಮಾತು ಇನ್ನೊಬ್ಬರ ಬಾಯಿಂದ ಕೇಳುವ ಸಂಕಟ ಅನುಭವಿಸಿದ ಅಜ್ಜಿ ತಾತಂದಿರಿಗೇ ಗೊತ್ತು.

ಅವಳು ನನಗೆ ಕಲಿಸಿದ ಮೊದಲ ಡೇನಿಷ್ ಪದ 'ಮೊರ್‌ಮೊರ್'. ಮೊರ್ ಎಂದರೆ ಅಮ್ಮ. ಮೊರ್‌ಮೊರ್ ಎಂದರೆ ಅಮ್ಮನ ಅಮ್ಮ. ಫಾರ್ ಎಂದರೆ ಅಪ್ಪ. ಹಾಗಾಗಿ ಅಪ್ಪನ ಅಮ್ಮ 'ಫಾರ್‌ಮೊರ್'. ನಮ್ಮಲ್ಲಿ ಇಬ್ಬರೂ ಅಜ್ಜಿಯರೇ. ಅಲ್ಲಿ ಕರೆದ ಕೂಡಲೇ ಯಾವ ಕಡೆಯ ಅಜ್ಜಿ ಎಂದು ತಿಳಿದುಹೋಗುತ್ತದೆ.

ನವೆಂಬರ್ ಕೊನೆಯ ಒಂದು ಸಂಜೆ ಪಕ್ಕದ ಮನೆಯ ಅಜ್ಜಿ ಬಾಗಿಲು ತಟ್ಟಿದರು. ಎಂಬತ್ತರ ಹತ್ತಿರದ ವಯಸ್ಸು, ಒಂಟಿ ಜೀವ. ಕೈಯಲ್ಲಿ ಎರಡು ವಸ್ತುಗಳಿದ್ದವು: ಕೈಬರಹದ ಒಂದು ಹಳೆಯ ಅಡುಗೆ ಪುಸ್ತಕ, ಒಂದು ಭಾರವಾದ ಕಬ್ಬಿಣದ ಕಾವಲಿ. ಕಾವಲಿ ನೋಡಿ ನಾನು ಕುಳಿತಲ್ಲಿಂದ ಎದ್ದೇಬಿಟ್ಟೆ. ಏಳು ಗುಳಿಗಳು, ಉದ್ದನೆಯ ಹಿಡಿ. ನಮ್ಮ ಪಡ್ಡಿನ ಕಾವಲಿಯೇ! ಗುಳಿಗಳು ಮಾತ್ರ ಸ್ವಲ್ಪ ದೊಡ್ಡವು, ಆಳ.

ಅವರ ಬೆರಳುಗಳಿಗೆ ಸಂಧಿವಾತ. ಕಾವಲಿ ಎತ್ತಲಾಗದೆ ಎರಡು ವರ್ಷದಿಂದ ಅಟ್ಟದಲ್ಲಿಟ್ಟಿದ್ದರಂತೆ. ಅವರ ತಾಯಿ ಬಳಸಿದ ಕಾವಲಿ ಅದು. "ಕಾವಲಿ ಇರಬೇಕಾದದ್ದು ಒಲೆಯ ಮೇಲೆ" ಎಂದರು. ಅವರ ಇಂಗ್ಲಿಷ್, ನನ್ನ ಇಂಗ್ಲಿಷ್ ಎರಡೂ ಕುಶಲ ವಿಚಾರಿಸಲು ಸಾಕು, ಅಡುಗೆ ಕಲಿಯಲು ಸಾಲದು. ಮಗಳು, ಅಳಿಯ ಮನೆಗೆ ಬರುವುದು ಐದರ ನಂತರ. ಹೀಗಾಗಿ ಇಬ್ಬರು ಅಜ್ಜಿಯರ ನಡುವೆ ನಿಲ್ಲಬೇಕಾದದ್ದು ಎಂಟು ವರ್ಷದ ಹುಡುಗಿ. ಪುಸ್ತಕ ಓದಿ, ಅಜ್ಜಿ ಹೇಳಿದ್ದು ಕೇಳಿ, ನನಗೆ ಕನ್ನಡದಲ್ಲಿ ಹೇಳಲೇಬೇಕು. ಬೇರೆ ದಾರಿಯೇ ಇರಲಿಲ್ಲ.

ಮೊದಲು ಮಾಡಿದ್ದು ಅವರ ದಿನನಿತ್ಯದ ರೂಬ್ರೋದ್. ರೈ ಎಂಬ ಧಾನ್ಯದ ಕಪ್ಪು ರೊಟ್ಟಿ, ನಮ್ಮ ಅಂಗಡಿಯ ಮೆತ್ತನೆಯ ಬ್ರೆಡ್ಡಿನಂತಲ್ಲ. ಇಟ್ಟಿಗೆಯಷ್ಟು ಗಟ್ಟಿ, ಹುಳಿ ರುಚಿ. ರೈ ಬಡ ಮಣ್ಣಿನಲ್ಲೂ, ಚಳಿಯಲ್ಲೂ ಬೆಳೆಯುವ ಧಾನ್ಯ. ನಮ್ಮ ಬಯಲುಸೀಮೆಗೆ ರಾಗಿ ಹೇಗೋ ಅವರಿಗೆ ಅದು ಹಾಗೆ. ಅಲ್ಲಿನ ಮಕ್ಕಳು ಶಾಲೆಯ ಡಬ್ಬಿಗೆ ಒಯ್ಯುವುದೂ ಇದರದೇ ತೆಳು ಹೋಳುಗಳನ್ನು. ಮೇಲೆ ಬೆಣ್ಣೆ, ಅದರ ಮೇಲೆ ಮಾಂಸವೋ ಮೀನೋ ಮೊಟ್ಟೆಯೋ. ಸಸ್ಯಾಹಾರಿಗಳಾದ ನಮಗೆ ಬೇಯಿಸಿದ ಆಲೂಗಡ್ಡೆಯ ಬಿಲ್ಲೆ, ಸಣ್ಣಗೆ ಹೆಚ್ಚಿದ ಈರುಳ್ಳಿ ಸೊಪ್ಪು.

ಆ ರೊಟ್ಟಿಯ ಹಿಟ್ಟು ಹುಳಿಯಾಗಲು ಹಿಂದಿನ ಬಾರಿಯ ಹಿಟ್ಟನ್ನು ಒಂದಿಷ್ಟು ಎತ್ತಿಟ್ಟು ಬೆರೆಸುತ್ತಾರೆ. ಪಕ್ಕದ ಮನೆಯ ಅಜ್ಜಿ ಅದನ್ನು ಗಾಜಿನ ಜಾಡಿಯಲ್ಲಿ ತಂದಿದ್ದರು. ಮೊಮ್ಮಗಳು ಜಾಡಿ ಹಿಡಿದು ಕಣ್ಣರಳಿಸಿ ನಿಂತಳು. ಅವಳಿಗೆ ಪದ ಸಿಗಲಿಲ್ಲ. "ಮೊಸರಿಗೆ ಹಾಕ್ತೀವಲ್ಲ, ಅದೇ... ಸ್ವಲ್ಪ... ಹಳೇ ಮೊಸರು?" ಎಂದಳು. "ಹೆಪ್ಪು" ಎಂದೆ. "ಹೆಪ್ಪು, ಹೆಪ್ಪು" ಎಂದು ಅಡುಗೆಮನೆಯ ತುಂಬಾ ಕುಣಿದಳು. ಆ ರೊಟ್ಟಿಯನ್ನು ಬಿಸಿಬಿಸಿಯಾಗಿ ಕತ್ತರಿಸಿದರೆ ಚಾಕುವಿಗೆ ಅಂಟುತ್ತದೆ. ಒಂದು ರಾತ್ರಿ ಸುಮ್ಮನಿರಬೇಕು. ಮಾರನೆಯ ದಿನ ಶಾಲೆಗೆ ಹೋಗುವ ಮುಂಚೆ ನನ್ನ ಕೋಣೆಗೆ ಬಂದು ಅವಳು ಕನ್ನಡದಲ್ಲಿ ಕೇಳಿದಳು: "ಅಜ್ಜಿ, ಈಗ ಕತ್ತರಿಸಬಹುದಾ?" ಯಾರೂ ಹೇಳಿಕೊಡದೆ, ತಾನಾಗಿ ಬಂದ ಮೊದಲ ಇಡೀ ವಾಕ್ಯ.

ಎರಡನೆಯದು ರೀಸನ್‌ಗ್ರೋದ್, ಅಂದರೆ ಅಕ್ಕಿಯ ಗಂಜಿ. ಡೆನ್ಮಾರ್ಕಿನ ಹೊಲಗಳಲ್ಲಿ ಭತ್ತ ಬೆಳೆಯುವುದಿಲ್ಲ. ಹಳೆಯ ಕಾಲದಲ್ಲಿ ರೈತರ ಮನೆಯ ನಿತ್ಯದ ಗಂಜಿ ಬಾರ್ಲಿಯದು, ರೈನದು. ಹಡಗಿನಲ್ಲಿ ಬರುತ್ತಿದ್ದ ಅಕ್ಕಿ ದುಬಾರಿ. ಅದನ್ನು ಕ್ರಿಸ್‌ಮಸ್‌ನಂಥ ಹಬ್ಬಕ್ಕೆಂದೇ ಎತ್ತಿಡುತ್ತಿದ್ದರು. ಇದನ್ನು ಕೇಳಿ ನಮ್ಮಲ್ಲಿ ಅನ್ನವೇ ಹಬ್ಬದೂಟವಾಗಿದ್ದ ರಾಗಿಮುದ್ದೆಯ ಮನೆಗಳು ನನಗೆ ನೆನಪಾದವು.

ದಪ್ಪ ಗುಂಡಕ್ಕಿಯನ್ನು ಒಂದೆರಡು ನಿಮಿಷ ನೀರಿನಲ್ಲಿ ಕುದಿಸಿ, ಹಾಲು ಸುರಿದು, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆಯಷ್ಟು ಬೇಯಿಸಬೇಕು. "ತಳ ಹಿಡಿಯುತ್ತೆ, ಕೈಯಾಡಿಸ್ತಾ ಇರು" ಎಂದು ನಾನು ಹೇಳಿದ್ದನ್ನು ಮೊಮ್ಮಗಳು ಡೇನಿಷ್‌ಗೆ ತಿರುಗಿಸಿದಾಗ ಪಕ್ಕದ ಮನೆಯ ಅಜ್ಜಿ ನಕ್ಕು ಒಂದು ಉಪಾಯ ಹೇಳಿದರು. ಗಂಜಿ ಕುದಿ ಬಂದ ಮೇಲೆ ಪಾತ್ರೆಗೆ ಮುಚ್ಚಳ ಹಾಕಿ, ಬಟ್ಟೆ ಸುತ್ತಿ, ಹಾಸಿಗೆಯ ಮೇಲಿಟ್ಟು ರಜಾಯಿ ಹೊದಿಸಿಬಿಡುವುದು! ಒಳಗಿನ ಬಿಸಿಯಲ್ಲೇ ಅಕ್ಕಿ ಬೇಯುತ್ತದೆ, ತಳ ಹಿಡಿಯುವುದಿಲ್ಲ, ಉರಿಯೂ ಉಳಿತಾಯ. "ಪಾಯಸಕ್ಕೆ ನಿದ್ದೆ ಬಂತು, ಗಲಾಟೆ ಮಾಡ್ಬೇಡಿ" ಎಂದು ಮೊಮ್ಮಗಳು ಮನೆಯವರಿಗೆಲ್ಲ ಕನ್ನಡದಲ್ಲೇ ಆಜ್ಞೆ ಹೊರಡಿಸಿದಳು. ಬಡಿಸುವಾಗ ಮೇಲೆ ದಾಲ್ಚಿನ್ನಿ ಬೆರೆಸಿದ ಸಕ್ಕರೆ, ನಡುವೆ ಒಂದು ಮುದ್ದೆ ಬೆಣ್ಣೆ.

ಈ ಬೆಣ್ಣೆಗೆ ಒಂದು ಜನಪದ ಕಥೆಯಿದೆ. ಡೇನಿಷ್ ರೈತರ ಅಟ್ಟದಲ್ಲಿ 'ನಿಸ್ಸೆ' ಎಂಬ ಕುಳ್ಳ ವಾಸವಾಗಿರುತ್ತಾನೆ. ಕೆಂಪು ಟೋಪಿ, ಬೂದು ಅಂಗಿ. ಕೊಟ್ಟಿಗೆ ಕಾಯುವವನು ಅವನೇ. ಕ್ರಿಸ್‌ಮಸ್ ರಾತ್ರಿ ಅವನಿಗೆ ಬೆಣ್ಣೆ ಹಾಕಿದ ಗಂಜಿ ಇಡದಿದ್ದರೆ ಕೋಪ. ಒಮ್ಮೆ ಬಟ್ಟಲಿನಲ್ಲಿ ಬೆಣ್ಣೆ ಕಾಣಲಿಲ್ಲವೆಂದು ಸಿಟ್ಟಾಗಿ ಹೋಗಿ ಮನೆಯವರ ಹಸುವನ್ನು ಕೊಂದುಬಿಟ್ಟನಂತೆ. ಮರಳಿ ಬಂದು ಗಂಜಿ ತಿಂದರೆ ಬೆಣ್ಣೆ ಬಟ್ಟಲಿನ ತಳದಲ್ಲಿತ್ತು! ಪಶ್ಚಾತ್ತಾಪದಿಂದ ಅಂಥದೇ ಇನ್ನೊಂದು ಹಸುವನ್ನು ಹುಡುಕಿ ತಂದು ಕಟ್ಟಿದನಂತೆ. ಈ ಕಥೆಯನ್ನು ಪಕ್ಕದ ಮನೆಯ ಅಜ್ಜಿ ಹೇಳಿದರು, ಮೊಮ್ಮಗಳು ನನಗೆ ಕನ್ನಡದಲ್ಲಿ ಹೇಳಿದಳು. 'ಕೊಟ್ಟಿಗೆ' ಮತ್ತು 'ಅಟ್ಟ' ಎರಡೇ ಪದ ನನ್ನಿಂದ ಸಾಲ ತೆಗೆದುಕೊಂಡದ್ದು.

ಇನ್ನು ಕಾವಲಿಯ ಸರದಿ. ಅದರಲ್ಲಿ ಮಾಡುವ ತಿಂಡಿ ಏಬ್ಲೆಸ್ಕೀವರ್. ಹೆಸರಿನ ಅರ್ಥ ಸೇಬಿನ ಹೋಳುಗಳು. ಹಿಂದೆ ಒಳಗೆ ಸೇಬು ಇಡುತ್ತಿದ್ದರು. ಈಗ ಬಹಳ ಮನೆಗಳಲ್ಲಿ ಸೇಬು ಹೋಗಿ ಹೆಸರು ಮಾತ್ರ ಉಳಿದಿದೆ. ಡಿಸೆಂಬರ್ ತಿಂಗಳಲ್ಲಿ ಮನೆ, ಶಾಲೆ, ಸಂತೆ ಎಲ್ಲೆಲ್ಲೂ ಇದೇ ತಿಂಡಿ. ಮೈದಾ, ಮಜ್ಜಿಗೆ, ಮೊಟ್ಟೆ, ನಿಂಬೆ ಸಿಪ್ಪೆಯ ತುರಿ ಎಂದು ಓದುತ್ತಾ ಹೋದ ಮೊಮ್ಮಗಳು "ಕಾರ್ಡಮಮ್" ಎಂದು ನಿಲ್ಲಿಸಿದಳು. ನಾನು ಪೆಟ್ಟಿಗೆಯಿಂದ ಮಲೆನಾಡಿನ ಏಲಕ್ಕಿ ಪೊಟ್ಟಣ ತಂದು ಬಿಡಿಸಿದೆ. ಆ ಅಜ್ಜಿ ಮೂಗಿಗೆ ಹಿಡಿದು ಕಣ್ಣು ಮುಚ್ಚಿಕೊಂಡರು.

ಡೇನರಿಗೆ ನಮ್ಮ ಕಡೆಯ ಸಂಬಾರ ಪದಾರ್ಥದ ನಂಟು ಹಳೆಯದು. 1620ರಲ್ಲಿ ಅವರು ತಮಿಳುನಾಡಿನ ಕಡಲತೀರದ ತರಂಗಂಬಾಡಿಗೆ ಬಂದು ಕೋಟೆ ಕಟ್ಟಿದರು, 1845ರಲ್ಲಿ ಬ್ರಿಟಿಷರಿಗೆ ಮಾರಿ ಹೋದರು. ಬಂದದ್ದು ಮುಖ್ಯವಾಗಿ ಕಾಳುಮೆಣಸಿನ ವ್ಯಾಪಾರಕ್ಕೆ. ಕ್ರಿಸ್‌ಮಸ್‌ಗೆ ಅವರು ಮಾಡುವ ಗೋಲಿಯಷ್ಟು ಪುಟ್ಟ ಬಿಸ್ಕತ್ತಿನ ಹೆಸರಿನಲ್ಲೂ ಮೆಣಸು ಇದೆ.

ಹಿಟ್ಟು ಗುಳಿಗೆ ಬಿತ್ತು, ಚುಂಯ್ ಎಂದಿತು. ಮಗುಚಲು ಆ ಅಜ್ಜಿ ತೆಗೆದದ್ದು ಸ್ವೆಟರ್ ಹೆಣೆಯುವ ಉದ್ದ ಕಡ್ಡಿ! ಅಲ್ಲಿ ಅದೇ ಸಂಪ್ರದಾಯ. ನಾವು ಪಡ್ಡನ್ನು ಒಮ್ಮೆಗೇ ತಿರುವಿಹಾಕುತ್ತೇವೆ. ಅವರು ಕಾಲು ಸುತ್ತು, ಕಾಲು ಸುತ್ತು ತಿರುಗಿಸುತ್ತಾರೆ. ಬೇಯದ ಹಿಟ್ಟು ಕೆಳಗೆ ಹರಿದು ಹರಿದು ಚೆಂಡಿನಂತೆ ದುಂಡಗಾಗುತ್ತದೆ. ಅವರ ಬೆರಳು ಮಡಚುತ್ತಿರಲಿಲ್ಲ. ಮೊಮ್ಮಗಳ ಕೈಗೆ ಕಡ್ಡಿ ಕೊಟ್ಟು, ಮಣಿಕಟ್ಟು ಹಿಡಿದು ತಿರುಗಿಸಿದರು. ಏಳನೆಯದು ಪೂರ್ತಿ ದುಂಡಗೆ ಬಂದಾಗ ಆ ಅಜ್ಜಿಯ ಕಣ್ಣು ತುಂಬಿತ್ತು. ಏನೋ ಹೇಳಿದರು. ಮೊಮ್ಮಗಳು ಸ್ವಲ್ಪ ಹೊತ್ತು ಪದ ಹುಡುಕಿ ಹೇಳಿದಳು: "ಅವರಮ್ಮ ಮಾಡಿದ ಹಾಗೇ ಇದೆಯಂತೆ ಅಜ್ಜಿ."

ಕ್ರಿಸ್‌ಮಸ್ ಹಿಂದಿನ ರಾತ್ರಿ, 24ರಂದು, ಅವರು ನಮ್ಮ ಮನೆಯಲ್ಲೇ ಉಂಡರು. ಮಿಕ್ಕ ಅಕ್ಕಿ ಗಂಜಿಗೆ ಕಡೆದ ಕೆನೆ, ವೆನಿಲ್ಲಾ, ಬಾದಾಮಿ ಚೂರು ಸೇರಿಸಿ ಮೇಲೆ ಬೆಚ್ಚನೆಯ ಚೆರ್ರಿ ಹಣ್ಣಿನ ರಸ ಹಾಕಿದರೆ ರಿಸಲಮಾಂಗ್ ಎಂಬ ಸಿಹಿ. ಅದರೊಳಗೆ ಒಂದೇ ಒಂದು ಇಡೀ ಬಾದಾಮಿ ಬಚ್ಚಿಡುತ್ತಾರೆ. ಸಿಕ್ಕವರಿಗೆ ಬಹುಮಾನ. ಆದರೆ ಸಿಕ್ಕವರು ಬಾಯಿ ಬಿಡುವುದಿಲ್ಲ. ದವಡೆಯಲ್ಲಿ ಅಡಗಿಸಿಟ್ಟುಕೊಂಡು, ಪಾತ್ರೆ ಖಾಲಿಯಾಗುವವರೆಗೆ ಎಲ್ಲರನ್ನೂ ಹುಡುಕಿಸುತ್ತಾರೆ. ಮೊಮ್ಮಗಳು ಮೂರು ಬಟ್ಟಲು ತಿಂದು ಸುಸ್ತಾದ ಮೇಲೆ ಪಕ್ಕದ ಮನೆಯ ಅಜ್ಜಿ ನಾಲಗೆಯ ತುದಿಯಲ್ಲಿ ಬಾದಾಮಿ ತೋರಿಸಿದರು!

ಊಟ ಮುಗಿದ ಮೇಲೆ ಅಲ್ಲಿ ಮಕ್ಕಳೂ ದೊಡ್ಡವರೂ ಅಡುಗೆ ಮಾಡಿದವರಿಗೆ "ತಾಕ್ ಫೋ ಮ್ಯಾದ್" ಎನ್ನುತ್ತಾರೆ. ಊಟಕ್ಕೆ ಧನ್ಯವಾದ ಎಂದರ್ಥ. ನಮ್ಮ 'ಅನ್ನದಾತಾ ಸುಖೀಭವ'ದ ಹಾಗೆ. ಆ ರಾತ್ರಿ ಮೊಮ್ಮಗಳು ಅವರಿಗೆ ಡೇನಿಷ್‌ನಲ್ಲಿ ಹೇಳಿ, ನನ್ನ ಕಡೆ ತಿರುಗಿ "ಅಜ್ಜಿ, ಊಟ ಚೆನ್ನಾಗಿತ್ತು" ಎಂದಳು. ಮಧ್ಯೆ ದಾಟಿಸುವವರು ಬೇಕಾಗಲಿಲ್ಲ. ಮನೆಭಾಷೆ ಮರೆಯುತ್ತದೆಂದು ಪರಭಾಷೆಯ ಅಡುಗೆಗೆ ಹೆದರುವವರು ನಮ್ಮಲ್ಲಿದ್ದಾರೆ. ನಮ್ಮ ಮನೆಯಲ್ಲಿ ಕನ್ನಡದ ಹೆಪ್ಪು ಬಿದ್ದದ್ದೇ ಡೇನಿಷ್ ಅಡುಗೆಯ ದಿನಗಳಲ್ಲಿ.

ಪಡ್ಡು ಎನ್ನಿ, ಗುಂಡುಪಂಗಳ ಎನ್ನಿ, ಗುಳಿಯಪ್ಪ ಎನ್ನಿ, ಆ ಕಾವಲಿ ಮನೆಯಲ್ಲಿದ್ದರೆ ನೀವೂ ಮಾಡಿ ನೋಡಬಹುದು. ನಾನು ಮೊಟ್ಟೆ ತಿನ್ನುವುದಿಲ್ಲವಾದ್ದರಿಂದ ನನಗಾಗಿ ಮಾಡಿಕೊಂಡ ಬಗೆ ಇದು. ಎರಡು ಲೋಟ ಮೈದಾ, ಎರಡು ಚಮಚ ಸಕ್ಕರೆ, ಚಿಟಿಕೆ ಉಪ್ಪು, ಅರ್ಧ ಟೀ ಚಮಚ ಅಡುಗೆ ಸೋಡಾ, ನಾಲ್ಕು ಏಲಕ್ಕಿಯ ಪುಡಿ, ಒಂದು ನಿಂಬೆಯ ಹಸಿರು ಸಿಪ್ಪೆಯ ತುರಿ, ಎರಡು ಚಮಚ ಕರಗಿಸಿದ ಬೆಣ್ಣೆ. ಇಡ್ಲಿ ಹಿಟ್ಟಿನ ಹದ ಬರುವಷ್ಟು ಗಟ್ಟಿ ಹುಳಿ ಮಜ್ಜಿಗೆ ಹಾಕಿ ಕಲಸಿ, ಕಾಲು ಗಂಟೆ ಬಿಡಿ. ಗುಳಿಗೆ ಬೆಣ್ಣೆ ಹಾಕಿ ಮುಕ್ಕಾಲು ತುಂಬಿಸಿ, ಪುಟ್ಟ ಸೇಬಿನ ಚೂರು ಇಟ್ಟು, ಸಣ್ಣ ಉರಿಯಲ್ಲಿ ಕಾಲು ಕಾಲು ಸುತ್ತು ತಿರುಗಿಸಿ. ಸಕ್ಕರೆ ಪುಡಿ ಉದುರಿಸಿ, ಜಾಮ್ ಜೊತೆ ತಿನ್ನಿ.

ಮಕ್ಕಳೇ, ಒಲೆಯ ಬಳಿ ದೊಡ್ಡವರು ಇರಲಿ. ಅಜ್ಜಿ ತಾತಂದಿರೇ, ಕಡ್ಡಿ ಮಾತ್ರ ಮಕ್ಕಳ ಕೈಗೇ ಕೊಡಿ.