ಚೌಕಾಬಾರದ ಪಂದ್ಯಕ್ಕೆ 16 ಚುಕ್ಕಿ

ಚೌಕಾಬಾರದ ಪಂದ್ಯ ಇಡ್ಬೇಕು ಅಂತ ಹೊರಟೋರು ಮೊದಲು ಬಹುಮಾನ ಏನು ಅಂತ ಕೂತ್ಕಂಡು ಮಾತಾಡ್ತಾರೆ. ಆಟ ಹೆಂಗೆ ನಡೀಬೇಕು ಅನ್ನೋದು ಆಮೇಲೆ. ನನ್ನ ಕೇಳಿದ್ರೆ ಅದು ತಿರುಗುಮುರುಗು ಕಣ್ರಮ್ಮ. ಎರಡು ವರ್ಷದ ಹಿಂದೆ ಇಲ್ಲಿ ನಂಜನಗೂಡಲ್ಲಿ ಒಂದು ಸಂಘದೋರು ದಸರೆ ಪಂದ್ಯ ಇಟ್ಟಿದ್ರು. ಮೊದಲನೇ ಬಹುಮಾನ ಮಿಕ್ಸಿ, ಎರಡನೇದು ಗೋಡೆ ಗಡಿಯಾರ, ಮಿಕ್ಕೋರಿಗೆ ಚಪ್ಪಾಳೆ. 16 ಜನ ಹೆಂಗಸರು, 4 ಮಣೆ. ಮಣೆಗೊಬ್ಬರು ಗೆದ್ದು ಮುಂದಕ್ಕೆ, ಮೂವರು ಮನೆಗೆ. ಒಂದೇ ಆಟಕ್ಕೆ 12 ಜನ ಎದ್ದೋದ್ರು. ಟಿ. ನರಸೀಪುರದಿಂದ ಬಸ್ಸಲ್ಲಿ ಬಂದಿದ್ದ ನಮ್ಮ ದೊಡ್ಡಮ್ಮನೂ ಅದರಲ್ಲಿ ಒಬ್ಬರು. ಕೊನೇ ಕಾಯಿ ಹಣ್ಣಾಗೋಕೆ ಒಂದೇ ಮನೆ ಬಾಕಿ, ಅಷ್ಟು ಹೊತ್ತು ಹಾಕಿದ್ರೂ ಒಂದು ಬೀಳ್ಲೇ ಇಲ್ಲ. "ನಂಗೆ ಆಡೋಕೆ ಬರಾಕಿಲ್ಲ ಬುಡು" ಅಂದ್ಬುಟ್ರು. ಅವರ ಕೈಯಲ್ಲೇ ನಾವೆಲ್ಲ ಆಟ ಕಲ್ತಿದ್ದು. ಆ ಮಾತು ನಂಗೆ ಸರಿಕಾಣಲಿಲ್ಲ.

4 ಕವಡೆ ಹಾಕಿದ್ರೆ ಒಂದೊಂದೂ ಮೇಲೋ ಕೆಳಗೋ ಬೀಳ್ಬೇಕು. ಎರಡೂ ಸಮ ಅಂತ ಇಟ್ಕಂಡ್ರೆ ಒಟ್ಟು 16 ಥರ ಬೀಳಬಹುದು. ಅದರಲ್ಲಿ ಚೌಕ ಒಂದು, ಬಾರ ಒಂದು. ಒಂದು ಬೀಳೋದು 4 ಥರ, ಮೂರು 4 ಥರ, ಎರಡು 6 ಥರ. ಮಗಳು ಕಾಗದದ ಮೇಲೆ ಬರೆದು ತೋರಿಸಿದ್ಲು. ಅಂದ್ರೆ ಎಂಟು ಸಲಕ್ಕೆ ಒಂದು ಸಲ ಚೌಕವೋ ಬಾರವೋ ಬಿದ್ದು ಇನ್ನೊಂದು ಸಲ ಹಾಕೋ ಹಕ್ಕು ಸಿಗ್ತದೆ. ಒಂದೇ ಆಟದಲ್ಲಿ ಈ ಎಂಟಕ್ಕೊಂದು ಎಲ್ಲಾರಿಗೂ ಸರಿಯಾಗಿ ಹಂಚ್ಕಂಡು ಬರಾಕಿಲ್ಲ. ಆದ್ರೆ ಮೂರು ಆಟ ಆಡಿಸಿದ್ರೆ ಒಸಿ ಸರಿಹೋಯ್ತದೆ, ಕಾಯಿ ನಡೆಸೋ ಬುದ್ಧಿ ಆಗ ಕಾಣ್ತದೆ. ಅಳಗುಳಿಮನೆಗೆ ಈ ಲೆಕ್ಕ ಬೇಡ, ಅಲ್ಲಿ ಕವಡೆ ಇಲ್ಲ, ಬೀಜ ಎಣಿಸೋದು ತಲೆ. ಮೊದಲು ಎತ್ತೋರು ಯಾರು ಅನ್ನೋದೊಂದೇ ತಕರಾರು. ಇಬ್ಬರಿಗೂ ಒಂದೊಂದು ಸಲ ಮೊದಲು ಕೊಟ್ಟು ಎರಡಾಟ ಆಡಿಸಿದ್ರೆ ಮುಗೀತು.

ಹೋದ ದಸರೆಲಿ ಟಿ. ನರಸೀಪುರದ ಅಕ್ಕನ ಮನೇಲಿ ನಾವೇ ಪಂದ್ಯ ಇಟ್ವಿ. (ನಂಜನಗೂಡಿಂದ ಹರಿದ ಕಪಿಲೆ ಅಲ್ಲೇ ಕಾವೇರಿ ಸೇರೋದು, ನಮ್ಮನೆ ಹೆಣ್ಣುಮಕ್ಕಳನ್ನೂ ಅದೇ ದಾರೀಲೇ ಕೊಟ್ಟವ್ರೆ.) ಮತ್ತೆ 16 ಜನ. ಎಲ್ಲಾರೂ ಮೂರಾಟ ಆಡ್ಬೇಕು, ಒಮ್ಮೆ ಆಡಿದೋರ ಜೊತೆ ಮತ್ತೆ ಕೂರಬಾರದು. ಹೆಂಗೆ ಅಂತ ತಲೆ ಕೆರ್ಕಂಡು ಕೂತಿದ್ದಾಗ ರಂಗೋಲಿ ಹೊಳೀತು. ನಾಲ್ಕು ಚುಕ್ಕಿ ನಾಲ್ಕು ಸಾಲು ಇಟ್ಟು 1ರಿಂದ 16ರವರೆಗೆ ನಂಬರ್ ಬರೀರಿ. ಮೊದಲ ಆಟಕ್ಕೆ ಅಡ್ಡಸಾಲು: 1, 2, 3, 4 ಒಂದು ಮಣೆ, 5ರಿಂದ 8 ಇನ್ನೊಂದು, ಹಂಗೇ. ಎರಡನೇದಕ್ಕೆ ಉದ್ದಸಾಲು: 1, 5, 9, 13, ಹಂಗೇ ಮಿಕ್ಕಿದ್ದು. ಮೂರನೇದಕ್ಕೆ ಓರೆ: 4, 7, 10, 13 ಒಂದು, 1, 8, 11, 14 ಒಂದು, 2, 5, 12, 15 ಒಂದು, 3, 6, 9, 16 ಒಂದು. ಕೂಡಿಸಿ ನೋಡ್ಕಳಿ, ಯಾರೂ ಎರಡು ಸಲ ಎದುರಾಗಾಕಿಲ್ಲ.

ಇದರಲ್ಲಿ ಇನ್ನೊಂದು ಅನುಕೂಲ ಅದೆ. ನಾಲ್ಕು ಜನದ ಆಟದಲ್ಲಿ ಓರಗಿತ್ತಿಯರು ಒಂದೇ ಮಣೇಲಿ ಕೂತ್ರೆ ಒಬ್ಬರ ಕಾಯಿ ಒಬ್ಬರು ಹೊಡೀದೆ ಸುಮ್ಮನೆ ಬಿಟ್ಟು ಕೊಡ್ತಾರೆ. ಮೋಸ ಅನ್ನಂಗಿಲ್ಲ, ಸಂಜೆ ಒಂದೇ ಒಲೆ ಮುಂದೆ ನಿಲ್ಲಬೇಕಲ್ಲ! ಆದ್ರೆ ಮಿಕ್ಕ ಇಬ್ಬರಿಗೆ ಅನ್ಯಾಯ ಆಯ್ತದೆ. ಅದಕ್ಕೆ ಒಬ್ಬರಿಗೆ 1, ಇನ್ನೊಬ್ಬರಿಗೆ 6 ಕೊಟ್ಟುಬುಡಿ. ಮೂರಾಟದಲ್ಲೂ ಸಿಗಾಕಿಲ್ಲ.

ಮಣೇಲಿ ಮೊದಲನೆಯೋರಿಗೆ 5, ಆಮೇಲೆ 3, 2, 1 ಅಂಕ. 4, 3, 2, 1 ಸಾಕು ಅಂದಿದ್ದು ನಾನು, ಅಕ್ಕ ಒಪ್ಪಲಿಲ್ಲ. ಹಂಗಾದ್ರೆ ಇಂಟು ಮಾರ್ಕಿನ ಮನೇಲೇ ಕಾಯಿ ಇಟ್ಕಂಡು ಎರಡನೇದಕ್ಕೆ ಕಾಯ್ತಾರೆ ಅಂದ್ಲು. ಅವಳು ಹೇಳಿದ್ದೇ ಸರಿ ಅಂತ ಆಡಿಸುವಾಗ ಕಂಡಿತು. ಆಟಕ್ಕೆ 45 ನಿಮಿಷ. ಗಂಟೆ ಬಾರಿಸಿದ ತಕ್ಷಣ ನಿಲ್ಲಿಸಬಾರದು, ಆ ಸುತ್ತು ಮುಗಿದು ನಾಲ್ಕೂ ಜನ ಅಷ್ಟಷ್ಟೇ ಸಲ ಹಾಕಿರಬೇಕು. ಆಮೇಲೆ ಹಣ್ಣು ಎಣಿಸೋದು. ಸಮ ಬಂದ್ರೆ ಅಂಕ ಹಂಚೋದು. ಕಾಯಿ ಹೊಡೀದೆ ಒಳಮನೆಗೆ ಹೋಗಬಹುದಾ ಅನ್ನೋದು ಮನೆಮನೆಗೂ ಬೇರೆ ಇರ್ತದೆ. ಅದನ್ನ ಕವಡೆ ಮುಟ್ಟೋಕೆ ಮೊದಲೇ ಎಲ್ಲಾರ ಮುಂದೆ ಹೇಳಿಬುಡಬೇಕು. ಅವರವರ ಮನೆ ಕವಡೆನೂ ತರಬಾರದು, ಒಂದೊಂದು ಕವಡೆ ಒಂದೊಂದು ಥರ ಬೀಳ್ತದೆ. ಮಣೇಲಿರೋ ನಾಲ್ಕೂ ಜನ ಒಂದೇ ಕವಡೆಲಿ ಆಡಬೇಕು.

ಈಗ ಬಹುಮಾನ. ತಲೆಗೆ 50 ರೂಪಾಯಿ ಹಾಕಿ ಗೆದ್ದೋರಿಗೆ ಕೊಡೋಣ ಅಂತ ಒಬ್ಬರು ಅಂದ್ರು. ದುಡ್ಡು ಕಟ್ಟಿ ಕವಡೆ ಹಾಕಿ ದುಡ್ಡು ಗೆಲ್ಲೋದು ಜೂಜೇ ತಾನೆ, ಧರ್ಮರಾಯ ಕಲಿಸಿದ್ದು ಸಾಲದಾ? ಆ 800 ರೂಪಾಯಿ ಉಪ್ಪಿಟ್ಟು ಕೇಸರಿಬಾತ್‌ಗೆ ಹೋಯ್ತು. ಬಹುಮಾನಕ್ಕೆ ನಾನು 500, ಅಕ್ಕ 500 ಹಾಕಿದ್ವಿ. ಮೂರಾಟ, ನಾಲ್ಕು ಮಣೆ, ಒಟ್ಟು 12 ಗೆಲುವು. ಗೆದ್ದಾಗಲೆಲ್ಲ 40 ರೂಪಾಯಿದು ಒಂದು ಸ್ಟೀಲ್ ಬಟ್ಟಲು, ಅದಕ್ಕೆ 480. ಮಿಕ್ಕ 520ರಲ್ಲಿ ಒಟ್ಟು ಅಂಕಕ್ಕೆ 220, 170, 130ರ ಪಾತ್ರೆ. ಮೊದಲನೇದು ಇಷ್ಟೇನಾ ಅಂತ ಮೂಗು ಮುರಿದೋರೂ ಇದ್ರು. ಕವಡೆ ಬಿದ್ದಂಗೆ ನಡೆಯೋ ಆಟಕ್ಕೆ ಒಬ್ಬರಿಗೇ ಮಿಕ್ಸಿ ಕೊಡೋದು ನಂಗಂತೂ ಒಪ್ಪಿಗೆ ಇಲ್ಲ. ಮಿಕ್ಸಿ ಇಟ್ಟಿದ್ದ ದಿನ ಕವಡೆ ಓರೆ ನಿಂತಿದ್ದಕ್ಕೆ ಎರಡು ಮನೆಯೋರು ಮಾತು ಬಿಟ್ಟಿದ್ರು. ಈ ಸಲ ಓರೆ ನಿಂತಾಗ ನಗ್ತಾ ಮತ್ತೆ ಹಾಕಿದ್ರು. ಹೋದ್ರೆ ಒಂದು ಬಟ್ಟಲು ತಾನೆ.

ಮೈಸೂರು ಸೀಮೆಗೆ ಮಣೆಯಾಟ ಹೊಸದೇನಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಶ್ರೀತತ್ತ್ವನಿಧಿಯ ಕೌತುಕನಿಧೀಲಿ ಇವನ್ನ ಬರೆಸಿಟ್ಟವ್ರೆ. ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನದೋರು ಕ್ರೀಡಾ ಕೌಶಲ್ಯ ಅಂತ ಪ್ರದರ್ಶನ ಮಾಡ್ತಾರೆ, ಚೆಂದದ ಮಣೆಗಳು ಇರ್ತವೆ. ನಾವು ಮಾತ್ರ ಸೀಮೆಸುಣ್ಣದಲ್ಲಿ ನೆಲದ ಮೇಲೇ ಬರೆದ್ವಿ.

ದೊಡ್ಡಮ್ಮ ಮೊದಲ ಆಟದಲ್ಲಿ ಮತ್ತೆ ಕೊನೆ. ಎದ್ದು ಸೆರಗು ಕೊಡವಿದ್ರು, ಎರಡನೇ ಮಣೆ ಕಾಯ್ತಾ ಅದೆ ಅಂತ ಕೂರಿಸಿದ್ವಿ. ಮಿಕ್ಕ ಎರಡೂ ಗೆದ್ರು. 11 ಅಂಕ, ಮೂರನೇ ಬಹುಮಾನ, ಎರಡು ಬಟ್ಟಲು.

ಈ ವರ್ಷ ನಮ್ಮ ಬೀದೀಲಿ ಇಡೋಣ ಅಂತ ಅದೆ, ಹೆಸರು ಕೊಟ್ಟಿರೋರು 14 ಜನ. ಮೂವರ ಮಣೆ ಮಾಡಿದ್ರೆ ಅಲ್ಲಿ ಗೆಲ್ಲೋದು ಸುಲಭ, ಅದು ಸರಿಯಲ್ಲ. ಇಬ್ಬರು ಹುಡುಗಿಯರನ್ನ ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ ಕೂರಿಸ್ತೀನಿ. ಒಬ್ಬಳು ಈಗಲೇ ಕೇಳವ್ಳೆ, ಮಣೆ ಗೆದ್ರೆ ಬಟ್ಟಲು ಕೊಡ್ತೀಯಾ ಅತ್ತೆ ಅಂತ. ಕೊಡ್ತೀನಿ ಅಂದಿದೀನಿ. ಇನ್ನಿಬ್ಬರು ದೊಡ್ಡೋರು ಸಿಕ್ಕಿದ್ರೆ ಹೇಳಿ.