ಗೃಹಸ್ಥನ ನಿದ್ರೆ

ಪ್ರಮಾದಗಳು ಹದಿನೈದು, ಅವುಗಳಲ್ಲಿ ನಿದ್ರೆಯೂ ಒಂದು. ವಿಟ್ಲ ಸೀಮೆಯ ನಮ್ಮ ಹಿರಿಯರು ಇದನ್ನು ಹೇಳಿಯೇ ನಮ್ಮನ್ನು ನಸುಕಿನಲ್ಲಿ ಎಬ್ಬಿಸುತ್ತಿದ್ದರು. ಕಡಿಮೆ ಮಲಗುವವನೇ ಧರ್ಮಿಷ್ಠನೆಂಬ ಭಾವನೆ ಅನೇಕ ಶ್ರಾವಕರಲ್ಲಿ ಇಂದಿಗೂ ಉಳಿದಿದೆ.

ಆದರೆ ಶಾಸ್ತ್ರವು ನಿದ್ರೆಯನ್ನು ಕೇವಲ ಜರೆಯುವುದಿಲ್ಲ. ತತ್ತ್ವಾರ್ಥಸೂತ್ರದ ಎಂಟನೆಯ ಅಧ್ಯಾಯವು ಅದರ ಐದು ಬಗೆಗಳನ್ನು ದರ್ಶನಾವರಣೀಯ ಕರ್ಮದಲ್ಲಿ ಎಣಿಸುತ್ತದೆ. ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುವ ಪೂಜ್ಯಪಾದರು, ಆಯಾಸ ಬಳಲಿಕೆಗಳನ್ನು ನೀಗಿಸಿಕೊಳ್ಳುವ ಮಲಗುವಿಕೆಯೇ ನಿದ್ರೆ ಎನ್ನುತ್ತಾರೆ. ಶೋಕ, ಶ್ರಮ, ಮದಗಳಿಂದ ಹುಟ್ಟಿ, ಕುಳಿತವನ ಕಣ್ಣು ಮೈಗಳಲ್ಲಿಯೂ ವಿಕಾರ ತೋರಿಸುವ ತೂಕಡಿಕೆಗೆ ಪ್ರಚಲಾ ಎಂದು ಹೆಸರು.

ಈ ಪ್ರಚಲೆಯನ್ನು ನಾನು ಕಣ್ಣಾರೆ ಕಂಡದ್ದು 2018ರಲ್ಲಿ, ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ಹೊರಟ ಇರುಳು. ಘಾಟಿಯ ತಿರುವುಗಳಲ್ಲಿ ನಮ್ಮ ಚಾಲಕನ ತಲೆ ಎರಡು ಬಾರಿ ಎದೆಗೆ ಬಾಗಿತು. ವಿಚಾರಿಸಿದಾಗ, ಹಿಂದಿನ ರಾತ್ರಿಯೂ ಮದುವೆಯ ಬಾಡಿಗೆಗೆ ಹೋಗಿದ್ದನೆಂದು ತಿಳಿಯಿತು. ಗಾಡಿ ನಿಲ್ಲಿಸಿ, ಒಂದೂವರೆ ಗಂಟೆ ಮಲಗಲು ಹೇಳಿದೆವು. ಅಭಿಷೇಕ ತಪ್ಪೀತೆಂದು ಕೆಲವರು ಗೊಣಗಿದರು.

ನಮ್ಮ ಅಷ್ಟಮೂಲಗುಣಗಳಲ್ಲಿ ಮದ್ಯತ್ಯಾಗವಿದೆ. 1997ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಸತತ 17 ಗಂಟೆ ಎಚ್ಚರವಿದ್ದವರ ಕೈ ಕಣ್ಣುಗಳ ಚುರುಕು, ರಕ್ತದ 100 ಮಿಲಿಲೀಟರಿಗೆ 50 ಮಿಲಿಗ್ರಾಂ ಮದ್ಯಸಾರವಿದ್ದವರಷ್ಟೇ ಕುಗ್ಗಿದ್ದುದು ಕಂಡುಬಂತು. ನಮ್ಮ ಮೋಟಾರು ವಾಹನ ಕಾಯಿದೆಯ ಮಿತಿ 30 ಮಿಲಿಗ್ರಾಂ. ಹನಿ ಮದ್ಯವನ್ನೂ ಮುಟ್ಟದ ಕುಟುಂಬವೊಂದು ಅಂಥದೇ ಮಂಕು ಕವಿದವನ ಕೈಗೆ ಮಕ್ಕಳನ್ನೂ ದಾರಿಹೋಕರನ್ನೂ ಒಪ್ಪಿಸಿದರೆ ಅಹಿಂಸಾಣುವ್ರತ ಎಲ್ಲಿ ಉಳಿಯಿತು?

ಮುನಿಗಳು ಅಲ್ಪನಿದ್ರೆಯವರು ನಿಜ. ಆದರೆ ಅವರು ಹಗಲಿನ ಬೆಳಕಿನಲ್ಲಿ ನೆಲ ನೋಡಿ ನಡೆಯುವವರು. ಗೃಹಸ್ಥನಾದರೋ ಹಗಲೆಲ್ಲ ತೋಟದಲ್ಲಿ ದುಡಿದು, ಅನಸ್ತಮಿತ ಭೋಜನ ಮುಗಿಸಿ, ಬಳಿಕ ನಡುರಾತ್ರಿಯವರೆಗೆ ಮೊಬೈಲು ಹಿಡಿದಿರುತ್ತಾನೆ. ಹಗುರ ಹೊಟ್ಟೆಯಿಂದ ಬರಬೇಕಾದ ಸುಖನಿದ್ರೆಯನ್ನು ಆ ಬೆಳಕು ದೂಡುತ್ತದೆ. ವಯಸ್ಕರಿಗೆ ಏಳು ಗಂಟೆಯಾದರೂ ಬೇಕೆಂದು ವೈದ್ಯರು ಹೇಳುತ್ತಾರೆ. ಅದು ಕಡಿಮೆಯಾದಾಗ ರಕ್ತದೊತ್ತಡ ಮಾತ್ರವಲ್ಲ, ಕ್ರೋಧವೂ ಏರುತ್ತದೆ. ಮನೆಯವರನ್ನು ಕೇಳಿದರೆ ತಿಳಿಯುತ್ತದೆ.

ಬಸದಿಗಳ ಆಡಳಿತ ಮಂಡಳಿಗಳಲ್ಲಿ ಒಂದು ವಿನಂತಿ. ಉತ್ಸವಕ್ಕೆ ಬರುವ ಯಾತ್ರಿಕರಿಗೆ ಕೋಣೆಗಳನ್ನು ಕಟ್ಟಿಸಿದ್ದೇವೆ. ಅವರನ್ನು ಕರೆತಂದ ಚಾಲಕರು ಸೀಟಿನಲ್ಲೇ ಮುದುಡಿರುತ್ತಾರೆ. ಅವರಿಗೊಂದು ಚಾಪೆ, ಒಂದು ಫ್ಯಾನು, ಗದ್ದಲವಿಲ್ಲದ ಒಂದು ಮೂಲೆ ಸಾಕು.